ಒಂದುಗಳ ಹಾರ ಮತ್ತು ಒಂದು ಚಹಾ ಪಂದ್ಯ

ಸಂತಪುರದಿಂದ ಬೀದರಿಗೆ ಬರೋ ಬಸ್ಸಿನಲ್ಲಿ ನಮ್ಮ ನಡುವೆ ಒಂದು ಚಹಾ ಪಂದ್ಯ ಬಿತ್ತು. ಬೀದರಿನ ಪಿನ್ ಕೋಡ್ 585401 ಅವಿಭಾಜ್ಯ ಸಂಖ್ಯೆ ಹೌದೋ, ಅಲ್ಲೋ? 2, 3, 5, 7 ಅಂತ ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೋದೆವು. ಶೇಷ ಉಳೀತಾನೇ ಇತ್ತು. "ಹೌದು" ಅಂದವರು ಗೆದ್ದೇಬಿಟ್ಟೆವು ಅನ್ನೋ ಹೊತ್ತಿಗೆ, 33ನೇ ಅವಿಭಾಜ್ಯವಾದ 137 ಕೈ ಕೊಟ್ಟಿತು: 585401 = 137 × 4273.

ಈ 137 ನಮ್ಮ ಭಾಗಕ್ಕೆ ಹಳೇ ಪರಿಚಯ. ಮಾನ್ಯಖೇಟ, ಅಂದರೆ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದ, 9ನೇ ಶತಮಾನದ ಗಣಿತಜ್ಞ ಮಹಾವೀರಾಚಾರ್ಯ. ಆತ 'ಗಣಿತಸಾರಸಂಗ್ರಹ'ದಲ್ಲಿ ಹಾರದಂತೆ ಕಾಣುವ ಗುಣಲಬ್ಧಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲೊಂದು 152207 × 73 = 11111111. ಆ 152207 ಅನ್ನು ಒಡೆದರೆ 11 × 101 × 137.

ಈ ಎಂಟು ಒಂದುಗಳ ಹಾರ ಒಡೆಯೋದು ಯಾಕೆ? ಎರಡೆರಡಾಗಿ ಕತ್ತರಿಸಿ ನೋಡ್ರಿ: 11 11 11 11. ಪ್ರತಿ ತುಂಡೂ 11, ಹಾಗಾಗಿ ಇಡೀ ಸಂಖ್ಯೆ 11 × 1010101. ಮಣಿಗಳನ್ನು ಸಮಗುಂಪುಗಳಾಗಿ ಹಂಚಲು ಬಂದರೆ ಹಾರವೂ ಒಡೆಯುತ್ತದೆ. ಈ ವಾದ ಬೈನರಿಯಲ್ಲೂ ನಿಲ್ಲುತ್ತದೆ. ಬೈನರಿಯಲ್ಲಿ n ಒಂದುಗಳು ಅಂದರೆ 2ರ n-ನೇ ಘಾತ ಕಳೆ 1. ಅದು ಅವಿಭಾಜ್ಯ ಆಗಬೇಕಂದ್ರ n ಕೂಡ ಅವಿಭಾಜ್ಯ ಇರಲೇಬೇಕು. ಇದ್ದರೆ ಸಾಕೇ? ಸಾಲದು. n = 11 ಆದಾಗ 2047 = 23 × 89.

ಈ ಜಾತಿಯ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯಗಳು ಅಂತ ಹೆಸರು. 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದದ್ದು 13,62,79,841 ಒಂದುಗಳ ಹಾರ. ನಮ್ಮ ದಶಮಾನದಲ್ಲಿ ಅದಕ್ಕೆ 4,10,24,320 ಅಂಕಿಗಳು. ಪುಟಕ್ಕೆ 4,000 ಅಂಕಿ ಅಚ್ಚು ಹಾಕಿದರೂ 10,000 ಪುಟ ದಾಟುತ್ತದೆ.

ಅಷ್ಟು ದೊಡ್ಡದಕ್ಕೆ ನಮ್ಮ ಬಸ್ಸಿನ ವಿಧಾನ ನಡೆಯೋದಿಲ್ಲ. ಲ್ಯೂಕಾಸ್–ಲೆಹ್ಮರ್ ಪರೀಕ್ಷೆ ಬೇಕು. 4ರಿಂದ ಶುರು ಮಾಡಿ, ವರ್ಗ ಮಾಡಿ, 2 ಕಳೆದು, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಹೀಗೆ n − 2 ಸಲ. ಕೊನೆಗೆ 0 ಬಂದರೆ ಅವಿಭಾಜ್ಯ. n = 5, ಸಂಖ್ಯೆ 31 ಆದಾಗ: 4, 14, 8, 0. ಪಾಸ್! 2047ಕ್ಕೆ ಕೊನೆಯಲ್ಲಿ ಉಳಿಯೋದು 1736. ಫೇಲ್.

ಇಲ್ಲೇ ಇರೋದು ನೋಡ್ರಿ ನಿಜವಾದ ಮಜಾ. 2047 ಒಡೆಯುತ್ತದೆ ಅಂತ ಪರೀಕ್ಷೆ ಹೇಳಿತು, ಆದರೆ 23 ಮತ್ತು 89ರ ಸುಳಿವು ಕೊಡಲಿಲ್ಲ. ಒಡೆಯುತ್ತದೆ ಅಂತ ತಿಳಿಯೋದು ಬ್ಯಾರೆ, ಒಡೆದು ತೋರಿಸೋದು ಬ್ಯಾರೆ. ನಾವು ನೆಟ್‌ವರ್ಕ್ ಸೆಕ್ಯುರಿಟಿಯಲ್ಲಿ ಓದುವ ಆರ್‌ಎಸ್‌ಎ ನಿಂತಿರೋದು ಈ ಅಂತರದ ಮೇಲೆ. ನೂರಾರು ಅಂಕಿಗಳ ಎರಡು ಅವಿಭಾಜ್ಯಗಳನ್ನು ಹುಡುಕಿ ಗುಣಿಸೋದು ಕಂಪ್ಯೂಟರಿಗೆ ಸುಲಭ, ಗುಣಲಬ್ಧದಿಂದ ಅವನ್ನು ಹೊರತೆಗೆಯೋದು ಕಷ್ಟ. ಆದರೆ ಸುಲಭದ ದಾರಿ ಇಲ್ಲವೇ ಇಲ್ಲ ಅಂತ ಇನ್ನೂ ಯಾರೂ ಸಾಧಿಸಿಲ್ಲ. ಆ ಕೆಲಸ ನಮ್ಮ ನಿಮ್ಮಂಥವರಿಗಾಗಿ ಬಾಕಿ ಇದೆ.

ಅಲ್ಲೀತನಕ ನಿಮ್ಮೂರಿನ ಪಿನ್ ಕೋಡ್ ಒಡೆದು ನೋಡ್ರಿ. ಭಾಲ್ಕಿ 585328, ಔರಾದ 585326. ಎರಡೂ ಸಮಸಂಖ್ಯೆ, ಅವುಗಳ ಮೇಲೆ ಚಹಾ ಪಂದ್ಯ ಮಾತ್ರ ಕಟ್ಟಬ್ಯಾಡ್ರಿ!