ಫ್ಯಾನು ತಿರುಗಿದರೆ ಓತಿಯ ಬಣ್ಣ ಮಾಸುತ್ತದೆ!

ಜೂನ್ ತಿಂಗಳು ಬಂತೆಂದರೆ ಕುಮಟೆಯ ತದಡಿ, ಹೊನ್ನಾವರದ ಕಾಸರಕೋಡು, ಭಟ್ಕಳದ ತೆಂಗಿನಗುಂಡಿ ಬಂದರುಗಳಲ್ಲಿ ಯಾಂತ್ರಿಕ ದೋಣಿಗಳು ಮೈಗೆ ಮೈ ತಾಗಿಸಿಕೊಂಡು ನಿಂತುಬಿಡುತ್ತವೆ. 61 ದಿನ ಮೀನುಗಾರಿಕೆ ಬಂದ್. ಹೆಂಚು ಹಾರಿಸುವ, ತೆಂಗು ಬಾಗಿಸುವ ಆ ನೈರುತ್ಯದ ಗಾಳಿಗೆ ಕರಾವಳಿಯಲ್ಲಿ ಬೈಗುಳ ಬಿಟ್ಟರೆ ಬೇರೆ ಸ್ವಾಗತವಿಲ್ಲ. ಅದೇ ಗಾಳಿ ತನ್ನ ಮಳೆಯನ್ನೆಲ್ಲ ಇಲ್ಲೇ ಸುರಿದು, ಘಟ್ಟ ಹತ್ತಿ ಬಯಲುಸೀಮೆಗೆ ಇಳಿಯುತ್ತದೆ ನೋಡಿ, ಅಲ್ಲಿ ಅದಕ್ಕೆ ಎಂಥ ಬೆಲೆ! ಗದಗದ ಕಪ್ಪತಗುಡ್ಡ, ಚಿತ್ರದುರ್ಗದ ಬೆಟ್ಟಸಾಲು, ಹರಪನಹಳ್ಳಿಯ ಬಯಲು, ಎಲ್ಲಿ ನೋಡಿದರಲ್ಲಿ ಮೂರು ರೆಕ್ಕೆಯ ಬಿಳಿ ಫ್ಯಾನುಗಳು ಇದೇ ಗಾಳಿಗಾಗಿ ಕಾದು ನಿಂತಿರುತ್ತವೆ. ಕರ್ನಾಟಕದ ಗಾಳಿ ವಿದ್ಯುತ್ತಿನ ಸಾಮರ್ಥ್ಯ 2025ರಲ್ಲಿ 7 ಸಾವಿರ ಮೆಗಾವ್ಯಾಟ್ ದಾಟಿತು. ಅದರಲ್ಲಿ ಹೆಚ್ಚಿನ ಕರೆಂಟು ಹುಟ್ಟುವುದು ನಮ್ಮ ದೋಣಿಗಳು ದಡದಲ್ಲಿ ಕೂತಿರುವ ಮಳೆಗಾಲದಲ್ಲೇ!

ಹೊಗೆಯಿಲ್ಲ, ಬೂದಿಯಿಲ್ಲ, ಮುಳುಗಡೆಯಿಲ್ಲ. ಈ ಕೊನೆಯದರ ತೂಕ ಶರಾವತಿ ದಂಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಷ್ಟು ಸಾಧು ಯಂತ್ರವೊಂದು ನೆಲದ ಮೇಲೆ ಹರಿದಾಡುವ ಓತಿಯ ರಕ್ತದೊಳಗೆ ಕೈಯಾಡಿಸಿದೆ ಎಂದರೆ ನಂಬುತ್ತೀರಾ?

ಇದೇ ಸಹ್ಯಾದ್ರಿಯ ಬೆನ್ನೇರಿ ಉತ್ತರಕ್ಕೆ ಹೋದರೆ ಸಾತಾರಾ ಜಿಲ್ಲೆಯ ಚಾಳಕೇವಾಡಿ ಸಿಗುತ್ತದೆ. ಜಂಬಿಟ್ಟಿಗೆಯ ಚಪ್ಪಟೆ ನೆತ್ತಿ, ಮೇಲೆ ದಶಕಗಳಿಂದ ತಿರುಗುತ್ತಿರುವ ಫ್ಯಾನುಗಳು. ಅಲ್ಲಿನ ಬೀಸಣಿಗೆ ಗಂಟಲಿನ ಓತಿಯನ್ನು ನೋಡಬೇಕು! ಬೆರಳುದ್ದದ ಗಂಡು ಕಲ್ಲಿನ ಮೇಲೆ ಎದೆಯೆತ್ತಿ ನಿಂತು ಗಂಟಲ ಚೀಲ ಬಿಚ್ಚಿತೆಂದರೆ ನೀಲಿ, ಕಪ್ಪು, ಕಿತ್ತಳೆ ಮೂರೂ ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಮತ್ತು ಸಂಗಡಿಗರು ಫ್ಯಾನಿರುವ ನೆತ್ತಿಯನ್ನೂ ಪಕ್ಕದ ಫ್ಯಾನಿಲ್ಲದ ನೆತ್ತಿಯನ್ನೂ ಹೋಲಿಸಿ ನೋಡಿದರು. ಫ್ಯಾನಿರುವಲ್ಲಿ ಹದ್ದು, ಗಿಡುಗಗಳ ಸಂಖ್ಯೆ ಸುಮಾರು ನಾಲ್ಕು ಪಟ್ಟು ಕಡಿಮೆ. ಮೇಲಿಂದ ಎರಗುವವರಿಲ್ಲವಾದ್ದರಿಂದ ಓತಿಗಳು ಕಿಕ್ಕಿರಿದಿದ್ದವು. ಮನುಷ್ಯ ತೀರಾ ಹತ್ತಿರ ಹೋಗುವವರೆಗೂ ಅವು ಓಡುತ್ತಿರಲಿಲ್ಲ. ರಕ್ತದಲ್ಲಿ ಭಯದ ಹಾರ್ಮೋನು ಕಡಿಮೆಯಾಗಿತ್ತು. ತಿನ್ನುವ ಬಾಯಿ ಹೆಚ್ಚಾಗಿ ಮೈ ಸೊರಗಿತ್ತು. ಗಂಡುಗಳ ಗಂಟಲಿನ ಆ ಬಣ್ಣವೂ ಮಾಸಿತ್ತು!

2018ರಲ್ಲಿ ಪ್ರಕಟವಾದ ಈ ಅಧ್ಯಯನ ಓದಿದಾಗ ನಾನು ಪುಟ ತಿರುಗಿಸುವುದನ್ನೇ ಮರೆತಿದ್ದೆ. ಫ್ಯಾನು ಒಂದು ಓತಿಯನ್ನೂ ಮುಟ್ಟಿಲ್ಲ. ಹದ್ದನ್ನು ದೂರವಿಟ್ಟಿತು, ಅಷ್ಟೇ. ಉಳಿದ ಕೆಲಸವೆಲ್ಲ ತಾನಾಗಿ ನಡೆಯಿತು. ಗುಡ್ಡದ ತುದಿಯಲ್ಲಿ ಹೊಸ ಬೇಟೆಗಾರನೊಬ್ಬ ಬಂದು ನಿಂತಂತೆ, ಹಸಿವೇ ಇಲ್ಲದ ಬೇಟೆಗಾರ.

ಇದು ಹಗಲಿನ ಕತೆ. ರಾತ್ರಿಯದು ಇನ್ನೂ ವಿಚಿತ್ರ.

ದೂರದಿಂದ ನೋಡಿದರೆ ಫ್ಯಾನು ಎಷ್ಟು ಸೋಮಾರಿ! ನಿಮಿಷಕ್ಕೆ ಹತ್ತೋ ಹನ್ನೆರಡೋ ಸುತ್ತು. ಈಗ ಲೆಕ್ಕ ಹಾಕಿ. 60 ಮೀಟರ್ ಉದ್ದದ ರೆಕ್ಕೆ ನಿಮಿಷಕ್ಕೆ 12 ಸುತ್ತು ಸುತ್ತಿದರೆ ಅದರ ತುದಿ ಓಡುವುದು ಗಂಟೆಗೆ 270 ಕಿಲೋಮೀಟರ್ ವೇಗದಲ್ಲಿ. ಕೀಟ ಹಿಡಿಯುವ ಪುಟ್ಟ ಬಾವಲಿ ಕತ್ತಲಲ್ಲಿ ದಾರಿ ಕಾಣುವುದು ತನ್ನ ಕೂಗಿನ ಮಾರ್ದನಿಯಿಂದ. ನಮ್ಮ ಕಿವಿಗೆ ನಿಲುಕದ ಆ ಕೂಗಿನ ಎಟುಕು ಹೆಚ್ಚೆಂದರೆ ಹತ್ತಾರು ಮೀಟರ್. ಹದಿನೈದು ಮೀಟರ್ ದೂರದಲ್ಲಿ ರೆಕ್ಕೆ ಬರುತ್ತಿದೆ ಎಂದು ಮಾರ್ದನಿ ಹೇಳಿದರೂ ಬಾವಲಿಗೆ ಉಳಿಯುವುದು ಸೆಕೆಂಡಿನ ಐದನೇ ಒಂದು ಭಾಗ!

ಹಾಗಿದ್ದರೆ ಅದು ಅಲ್ಲಿಗೆ ಹೋಗುವುದಾದರೂ ಯಾಕೆ? ಅಮೆರಿಕದ ಇಂಡಿಯಾನಾದಲ್ಲಿ ಶಾಖ ಗ್ರಹಿಸುವ ಕ್ಯಾಮೆರಾ ಇಟ್ಟು ರಾತ್ರಿಗಟ್ಟಲೆ ಕಾದವರಿಗೆ ಉತ್ತರದ ಸುಳಿವು ಸಿಕ್ಕಿತು. ಮೆಲ್ಲಗೆ ಗಾಳಿ ಬೀಸುವಾಗ ಬಾವಲಿಗಳು ಕಂಬದ ಗಾಳಿಮರೆಯ ಬದಿಯಿಂದ ಹತ್ತಿರ ಬರುತ್ತಿದ್ದವು, ದೊಡ್ಡ ಮರಗಳ ಬಳಿ ಬರುವ ಹಾಗೆಯೇ. ಮರದ ಗಾಳಿಮರೆಯಲ್ಲಿ ಹುಳ ಸೇರುತ್ತವೆ, ಜೊತೆಗಾರರೂ ಸಿಗುತ್ತಾರೆ. ಪಾಪ, ಅವು ಫ್ಯಾನನ್ನು ಮರವೆಂದೇ ಬಗೆದಿರಬೇಕು! ಕೆನಡಾದ ಆಲ್ಬರ್ಟಾದಲ್ಲಿ ಕೆಳಗೆ ಬಿದ್ದ ಬಾವಲಿಗಳಲ್ಲಿ ಹಲವುಗಳ ಮೈಮೇಲೆ ಗಾಯವೇ ಇರಲಿಲ್ಲ. ಕೊಯ್ದು ನೋಡಿದರೆ ಶ್ವಾಸಕೋಶದೊಳಗೆ ರಕ್ತ. ರೆಕ್ಕೆಯ ಹಿಂದೆ ಥಟ್ಟನೆ ಕುಸಿಯುವ ಗಾಳಿಯ ಒತ್ತಡವೇ ಅವನ್ನು ಕೊಂದಿತೆಂದು ಸಂಶೋಧಕರು 2008ರಲ್ಲಿ ಬರೆದರು. ನೇರ ಪೆಟ್ಟೇ ಮುಖ್ಯ ಕಾರಣ ಎಂಬ ವಾದ ಆಮೇಲೆ ಬಲವಾಯಿತು. ಯಾವುದಾದರೇನು, ಬಹುತೇಕ ಬಾವಲಿಗಳು ವರ್ಷಕ್ಕೆ ಹೆರುವುದು ಒಂದೋ ಎರಡೋ ಮರಿ. ಇಲಿಯಂತೆ ಲೆಕ್ಕ ತುಂಬಿಸಿಕೊಳ್ಳುವ ಜೀವಿ ಅದಲ್ಲ.

ನಮ್ಮ ದೇಶದಲ್ಲಿ? ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದವರು ಗುಜರಾತಿನ ಕಛ್ ಮತ್ತು ನಮ್ಮ ಹರಪನಹಳ್ಳಿಯ ಫ್ಯಾನುಗಳ ಬುಡದಲ್ಲಿ ಹುಡುಕಿ ಹತ್ತಾರು ಹಕ್ಕಿಗಳ ಶವಗಳನ್ನು ದಾಖಲಿಸಿದರು. ಹೆಚ್ಚಿನವು ಕಛ್‌ನಲ್ಲಿ. ಇಲಿಬಾಲದ ಬಾವಲಿಯೂ ಅಲ್ಲೇ ಸಿಕ್ಕಿತು. ನಾಯಿ ನರಿಗಳು ರಾತ್ರೋರಾತ್ರಿ ಎತ್ತಿಕೊಂಡು ಹೋದ ಮೇಲೆ ಉಳಿದವು ಇವು ಎಂಬುದು ನೆನಪಿರಲಿ.

ಭಟ್ಕಳ, ಹೊನ್ನಾವರ, ಕುಮಟೆಯ ಗುಡ್ಡಗಳ ಮೇಲೆ ಅಂಥ ಫ್ಯಾನುಗಳ ಸಾಲಿಲ್ಲ. ಆದರೆ ಕತ್ತಲಾದ ಮೇಲೆ ಇಲ್ಲಿನ ಆಕಾಶದಲ್ಲಿ ಏನೇನಿದೆ!

ಅಘನಾಶಿನಿ ಅಳಿವೆಗೆ ಬೆಳಿಗ್ಗೆ ಬೇಗ ಹೋಗಿ. ಬಳಚು ಆರಿಸುವವರು ಇಳಿತಕ್ಕೆ ಕಾಯುತ್ತಿರುತ್ತಾರೆ. ಕಾಂಡ್ಲಾ ಗಿಡಗಳ ಬುಡದ ನೀರನ್ನು ಬಗ್ಗಿ ನೋಡಿದರೆ ಬಿಳಿ ಎಳೆಗಳು ತೇಲುತ್ತಿರುತ್ತವೆ, ಕೂದಲಿನಷ್ಟು ಸಪೂರ. ಅವು ಸೊನ್ನರೇಶಿಯಾ ಹೂವಿನ ಕೇಸರಗಳು. ಈ ಹೂವು ಸಂಜೆ ಬಿರಿಯುತ್ತದೆ, ನೂರಾರು ಕೇಸರಗಳನ್ನು ಹೊರಚಾಚಿ ಕತ್ತಲಲ್ಲಿ ಮಕರಂದ ಒಸರುತ್ತದೆ, ಬೆಳಗಾಗುವುದರೊಳಗೆ ಕೇಸರ ಉದುರಿಸಿ ಅಂಗಡಿ ಮುಚ್ಚುತ್ತದೆ. ಒಂದೇ ರಾತ್ರಿಯ ವ್ಯಾಪಾರ! ಗಿರಾಕಿಗಳು ಬಾವಲಿಗಳು ಮತ್ತು ಪತಂಗಗಳು. ಮುಖ ತೂರಿಸಿ ನೆಕ್ಕಿದ ಬಾವಲಿ ಪರಾಗ ಮೆತ್ತಿಕೊಂಡು ಮುಂದಿನ ಗಿಡಕ್ಕೆ ಹಾರುತ್ತದೆ. ಮಲೇಷ್ಯಾದ ಮಕರಂದ ಬಾವಲಿಯೊಂದು ಈ ಹೂವಿಗಾಗಿ ಗವಿಯಿಂದ 38 ಕಿಲೋಮೀಟರ್ ದೂರದವರೆಗೂ ಹಾರಿದ್ದು ದಾಖಲಾಗಿದೆ. ಅಷ್ಟು ದೂರವೆಂದರೆ ಕುಮಟೆಯ ಅಳಿವೆಯಿಂದ ಘಟ್ಟದ ನೆತ್ತಿ ದಾಟಿಬಿಡಬಹುದು! ಗುಡ್ಡದ ಮೇಲಿನ ಬಾವಲಿಗೂ ಉಪ್ಪುನೀರಿನ ಗಿಡಕ್ಕೂ, ಆ ಗಿಡದ ಬೇರಿನ ನಡುವೆ ಬೆಳೆಯುವ ಮೀನುಮರಿಗೂ ಇರುವ ನಂಟು ಇಷ್ಟು ಉದ್ದ.

ಯಾಣದ ಕರಿ ಬಂಡೆಗಳ ಸೀಳಿನಲ್ಲಿ ಹೆಜ್ಜೇನಿನ ಜೊತೆ ಬಾವಲಿಯೂ ಬಾಡಿಗೆಗಿದೆ. ಸುರಹೊನ್ನೆಯ ಕಾಯಿಯ ತೆಳು ತಿರುಳನ್ನು ತಿಂದು ಗಟ್ಟಿ ಬೀಜವನ್ನು ದೂರ ಒಯ್ದು ಬೀಳಿಸುವುದು ದೊಡ್ಡ ಬಾವಲಿ. ಹಿಂದೆ ಕರಾವಳಿಯ ಮನೆಗಳಲ್ಲಿ ದೀಪಕ್ಕೆ ಹೊನ್ನೆಎಣ್ಣೆ ಉರಿಸುತ್ತಿದ್ದರಲ್ಲ, ಆ ಬೀಜದ್ದೇ. ಅಡಿಕೆ ತೋಟದವರಿಗೆ ಬಾವಲಿ ಚೀಪಿ ಉದುರಿಸಿದ ಅಡಿಕೆ ಹೆಕ್ಕಿ ರೂಢಿಯಿದೆ; ಬೈಯುತ್ತಲೇ ಹೆಕ್ಕುತ್ತಾರೆ. ಮುಸ್ಸಂಜೆ ಮಾವಿನ ಮರದಿಂದ ಎದ್ದು ಹೋಗುವ ಆ ದೊಡ್ಡ ಬಾವಲಿಯ ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ನಾಲ್ಕು ಅಡಿ!

ಮುರ್ಡೇಶ್ವರದ ಎದುರು ಕಡಲಲ್ಲಿ ನೇತ್ರಾಣಿ, ಅಂದರೆ ಪಾರಿವಾಳ ದ್ವೀಪ. ಅಲ್ಲಿ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ, ಕಡಲ ಹಾವನ್ನು ಕಾಲಲ್ಲಿ ನೇತಾಡಿಸಿಕೊಂಡು ಬರುತ್ತದೆ. ಅದಕ್ಕಿಂತ ಬೆರಗಿನ ಹಕ್ಕಿ ದ್ವೀಪದ ಗವಿಯಲ್ಲಿದೆ. 1862ರಲ್ಲಿ ಬಂದ ಜೆರ್ಡನ್ನನ ಪಕ್ಷಿಗ್ರಂಥದಲ್ಲೇ ಈ ಪಾರಿವಾಳ ದ್ವೀಪದ ಗೂಡುಗಳ ಮಾತಿದೆ. ಕಟ್ಟುವುದು ಸ್ವಂತ ಜೊಲ್ಲಿನಿಂದ, ಬಂಡೆಗೆ ಅಂಟಿಸಿದ ಪುಟ್ಟ ಬಟ್ಟಲು. ಕಟ್ಟುವ ಬಾನಾಡಿ ಗವಿಯ ಕಗ್ಗತ್ತಲಿಗೆ ನುಗ್ಗುವಾಗ ಟಿಕ್ ಟಿಕ್ ಟಿಕ್ ಎನ್ನುತ್ತದೆ. ಅದು ಹಾಡಲ್ಲ, ಮಾರ್ದನಿಯಿಂದ ದಾರಿ ಹುಡುಕುವ ವಿದ್ಯೆ. ಬಾವಲಿಯ ವಿದ್ಯೆ ಹಕ್ಕಿಗೂ ಬರುತ್ತದೆ, ಅದೂ ನಮ್ಮ ಕಿವಿಗೆ ಕೇಳುವ ಹಾಗೆ! ಜಗತ್ತಿನಲ್ಲಿ ಹೀಗೆ ಮಾಡಬಲ್ಲ ಹಕ್ಕಿಗಳು ಬೆರಳೆಣಿಕೆಯ ಬಳಗದವು. ಅದರಲ್ಲೊಂದು ಭಟ್ಕಳ ತಾಲ್ಲೂಕಿನ ನಿವಾಸಿ.

ಕಡಲ ಹದ್ದಿನ ಮಾತು ತೆಗೆದದ್ದಕ್ಕೆ ಕಾರಣವಿದೆ. ಇದರ ದಾಯಾದಿ, ಬಿಳಿಬಾಲದ ಕಡಲ ಹದ್ದು, ನಾರ್ವೆಯ ಸ್ಮೋಲಾ ದ್ವೀಪದಲ್ಲಿ ಫ್ಯಾನಿಗೆ ಸಿಕ್ಕಿ ಸಾಯುತ್ತಿತ್ತು. ಅಲ್ಲಿನವರು ನಾಲ್ಕು ಫ್ಯಾನುಗಳ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಮಾತ್ರ ಕಪ್ಪು ಬಳಿದರು. ಮೂರೂ ಬಿಳಿಯಾಗಿದ್ದರೆ ಸುತ್ತುವ ರೆಕ್ಕೆ ಹಕ್ಕಿಯ ಕಣ್ಣಿಗೆ ಮಸುಕಾಗಿ ಕರಗಿಹೋಗುತ್ತದೆ; ಒಂದು ಕಪ್ಪಾದರೆ ಎದ್ದು ಕಾಣುತ್ತದೆ. ಹಕ್ಕಿಗಳ ಸಾವು ಶೇ 70ಕ್ಕೂ ಹೆಚ್ಚು ಇಳಿಯಿತು. ಒಂದು ಡಬ್ಬ ಬಣ್ಣಕ್ಕೆ!

ಕತ್ತಲಲ್ಲಿ ಹಾರುವ ಬಾವಲಿಗೆ ಬಣ್ಣದಿಂದ ಪ್ರಯೋಜನವಿಲ್ಲ. ಅದರ ಮದ್ದು ಇನ್ನೂ ಸರಳ. ಜೋರು ಗಾಳಿಯಲ್ಲಿ ಬಾವಲಿ ಎತ್ತರಕ್ಕೆ ಹಾರುವುದು ಕಡಿಮೆ, ಹುಳವೂ ಹಾರವು. ಅದು ಹೊರಡುವುದು ಗಾಳಿ ಸುಮ್ಮನಿರುವ ರಾತ್ರಿ. ಗಾಳಿ ಸುಮ್ಮನಿದ್ದರೆ ಫ್ಯಾನಿಗೆ ಕರೆಂಟೂ ಅಷ್ಟಕ್ಕಷ್ಟೆ. ಸಾಮಾನ್ಯವಾಗಿ ಗಾಳಿ ಸೆಕೆಂಡಿಗೆ ಮೂರ್ನಾಲ್ಕು ಮೀಟರ್ ಮುಟ್ಟಿದರೆ ಫ್ಯಾನು ಕೆಲಸ ಶುರು ಮಾಡುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಆ ಮಿತಿಯನ್ನು 5 ಮೀಟರಿಗೆ, ಅದಕ್ಕೂ ಮೇಲಕ್ಕೆ ಏರಿಸಿ ನೋಡಿದರು. ಬಾವಲಿಗಳ ಸಾವು ಶೇ 44ರಿಂದ 93ರಷ್ಟು ಕಡಿಮೆಯಾಯಿತು. ಕಳೆದುಕೊಂಡ ವಿದ್ಯುತ್ತು? ವರ್ಷದ ಉತ್ಪಾದನೆಯ ಶೇ 1 ಕೂಡ ಅಲ್ಲ!

ಇಷ್ಟು ಅಗ್ಗದ ಪರಿಹಾರ ಕೈಯಲ್ಲಿಟ್ಟುಕೊಂಡೂ ನಮ್ಮ ಕಾನೂನು ಆಕಳಿಸುತ್ತಿದೆ. 1972ರ ವನ್ಯಜೀವಿ ಕಾಯ್ದೆ ಹಣ್ಣುಬಾವಲಿಯನ್ನು ಇಲಿ, ಕಾಗೆಗಳ ಜೊತೆ ಉಪದ್ರವಿ ಪಟ್ಟಿಗೆ ಸೇರಿಸಿತ್ತು. ಆ ಪಟ್ಟಿ ಹೋಗಲು 2022ರ ತಿದ್ದುಪಡಿಯೇ ಬರಬೇಕಾಯಿತು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಯೋಜನೆಯ ಹೆಸರೇ ಇಲ್ಲ. ಅರಣ್ಯ ಭೂಮಿ ಬೇಕಾಗದಿದ್ದರೆ ಬಾವಲಿಯ ಬಗ್ಗೆ ಕೇಳುವವರೂ ಇಲ್ಲ.

ಫ್ಯಾನು ನಮ್ಮೂರಿಗೆ ಬಂದಿಲ್ಲವೆಂದು ನಿರಾಳವಾಗುವಂತೆಯೂ ಇಲ್ಲ. ಗಾಳಿ, ಬಿಸಿಲಿನ ಕರೆಂಟನ್ನು ಕೂಡಿಡಬೇಕೆಂಬ ಲೆಕ್ಕದಲ್ಲೇ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿರುವುದು, ಅದೂ 2019ರಲ್ಲಿ ಘೋಷಣೆಯಾದ ಸಿಂಗಳೀಕ ಅಭಯಾರಣ್ಯದ ನಡುವೆ. ಬಯಲುಸೀಮೆಯ ಗಾಳಿ ಹೊನ್ನಾವರದ ಕಾಡಿಗೆ ಹೀಗೆ ಮರಳಿ ಬಂದಿದೆ.

ಗಾಳಿ ವಿದ್ಯುತ್ತು ಬೇಡವೆನ್ನುವವನು ನಾನಲ್ಲ, ಕಲ್ಲಿದ್ದಲಿನ ಹೊಗೆಗಿಂತ ಅದು ಸಾವಿರ ಪಾಲು ಮೇಲು. ಆದರೆ ನಿಮ್ಮ ಗುಡ್ಡಕ್ಕೋ ನಿಮ್ಮ ನೆಂಟರೂರಿನ ಬೋಳುಗುಡ್ಡಕ್ಕೋ ಕಂಪನಿಯವರು ಅಳತೆಗೋಲು ಹಿಡಿದು ಬಂದಾಗ ಗ್ರಾಮಸಭೆಯಲ್ಲಿ ಎರಡು ಪ್ರಶ್ನೆ ಕೇಳಿ. ರಾತ್ರಿ ಹೊತ್ತು ಇಲ್ಲಿ ಯಾರು ಯಾರು ಹಾರುತ್ತಾರೆ ಎಂದು ಒಂದು ಪೂರ್ತಿ ವರ್ಷ ಎಣಿಸಿದ್ದೀರಾ? ಗಾಳಿ 5 ಮೀಟರಿಗಿಂತ ಕಡಿಮೆ ಇರುವ ರಾತ್ರಿ ಫ್ಯಾನು ನಿಲ್ಲಿಸುತ್ತೀರಾ? ಉತ್ತರವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.