ವಿಜಾಪುರ ರಸ್ತೆಯಿಂದ ಕಾರವಾರದ ದೀಪಸ್ತಂಭದವರೆಗೆ

ಸೋಲಾಪುರದಿಂದ ವಿಜಾಪುರ ರಸ್ತೆಯನ್ನು ಹಿಡಿದು ಭೀಮಾ ನದಿಯನ್ನು ದಾಟಿ, ಝಳಕಿ, ಹೊರ್ತಿಗಳನ್ನು ಹಿಂದಿಕ್ಕಿ ಸಾಗುವವರಿಗೆ ವಿಜಾಪುರದ ಮನೆಮಾರುಗಳಿಗಿಂತ ಮೊದಲು ಗೋಳಗುಮ್ಮಟ ಕಾಣಿಸುತ್ತದೆ. ಬಸ್ಸಿನಲ್ಲಿ ಕುಳಿತ ಮಕ್ಕಳು ಊರು ಬಂತೆಂದು ಕೂಗುವುದು ಅದನ್ನು ನೋಡಿಯೇ. ನೆಲದ ಮೇಲೆ ದಾರಿ ತೋರಲು ಮೈಲುಗಲ್ಲುಗಳಿವೆ, ಮರಗಳಿವೆ, ಕೇಳಿದರೆ ಹೇಳುವ ಜನರಿದ್ದಾರೆ. ಕಡಲಿನಲ್ಲಿ ಇವು ಯಾವುವೂ ಇಲ್ಲ. ಅಲ್ಲಿ, ಅದೂ ಕತ್ತಲೆಯಲ್ಲಿ, ಗುಮ್ಮಟದ ಕೆಲಸವನ್ನು ಮಾಡುವುದು ದೀಪಸ್ತಂಭ.

ದೀಪಸ್ತಂಭವೆಂದೊಡನೆ ನಮ್ಮ ಸೀಮೆಯ ಮಕ್ಕಳ ಕಣ್ಣಿಗೆ ಬರುವುದು ಗುಡಿಯ ಮುಂದಿನ ದೀಪಮಾಲೆಯ ಕಂಬ. ಅವರಲ್ಲಿ ಅನೇಕರು ಕಡಲನ್ನೇ ಕಂಡಿಲ್ಲ. ಆದರೂ ಕನ್ನಡ ಕರಾವಳಿಯ ಹಳೆಯ ದೀಪಸ್ತಂಭವೊಂದರ ಕಥೆಯಲ್ಲಿ ನಮ್ಮ ಭಾಗದ ಇತಿಹಾಸವೂ ಸೇರಿಕೊಂಡಿದೆ. ಅದನ್ನು ಇಲ್ಲಿ ಹೇಳಬಯಸುತ್ತೇವೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತುಹೋಯಿತು. ಆಗ ವ್ಯಾಪಾರಿಗಳ ಕಣ್ಣು ಧಾರವಾಡ ಸೀಮೆಯ ಎರೆಭೂಮಿಯ ಹತ್ತಿಯ ಮೇಲೆ ಬಿತ್ತು. ಅದು ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಹೀಗಾಗಿ ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರು. ಆದರೆ ದೊಡ್ಡ ಹಡಗುಗಳಿಗೆ ಬೇಕಾದ ಆಸರೆ ಇದ್ದುದು ಕಾರವಾರದಲ್ಲಿ. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮದ್ರಾಸ್ ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಎರಡೇ ವರ್ಷಗಳಲ್ಲಿ, 1864ರಲ್ಲಿ, ಕಾರವಾರದ ಎದುರಿನ ದೇವಗಡ ದ್ವೀಪದ ಮೇಲೆ ದೀಪ ಬೆಳಗಿತು. ಆಯ್ಸ್ಟರ್ ರಾಕ್ ಎಂದು ಹಡಗಿನವರು ಕರೆಯುವ ದೀಪಸ್ತಂಭ ಇದೇ. ಸೋಲಾಪುರ, ವಿಜಾಪುರ, ಧಾರವಾಡಗಳು ಅದಾಗಲೇ ಮುಂಬಯಿ ಪ್ರಾಂತದಲ್ಲಿದ್ದವು. ಆದ್ದರಿಂದ ಅದು ಅಂದಿನ ಲೆಕ್ಕದಲ್ಲಿ ನಮ್ಮ ಪ್ರಾಂತದ್ದೇ ದೀಪ.

ಬಂದರು ಮಾತ್ರ ಎಣಿಸಿದಂತೆ ಬೆಳೆಯಲಿಲ್ಲ. 1880ರ ದಶಕದಲ್ಲಿ ಗೋವೆಯ ಮುರಗಾಂವಿಗೆ ರೈಲುಮಾರ್ಗವಾದ ಮೇಲೆ ಹತ್ತಿ ಆ ಕಡೆಗೆ ತಿರುಗಿತು. ವ್ಯಾಪಾರ ಹೋದರೂ ದೀಪ ಉಳಿಯಿತು. ಬಂಡೆ ಇರುವವರೆಗೆ ದೀಪವೂ ಬೇಕಲ್ಲವೇ?

ದಕ್ಷಿಣಕ್ಕೆ, ಉಡುಪಿಯ ಸಮೀಪದ ಕಾಪು ಕಡಲತೀರದಲ್ಲಿ 1901ರಲ್ಲಿ ಇನ್ನೊಂದು ದೀಪಸ್ತಂಭ ಎದ್ದಿತು. ಬಂಡೆಯ ಮೇಲೆ ನಿಂತ ಈ ಗೋಪುರದ ಎತ್ತರ ಸುಮಾರು 27 ಮೀಟರ್. ಅದು ಮದ್ರಾಸ್ ಪ್ರಾಂತಕ್ಕೆ ಸೇರಿದ್ದು. ಒಂದೇ ಭಾಷೆಯ ಕರಾವಳಿ, ಎರಡು ಸರಕಾರಗಳ ದೀಪಗಳು! 1956ರಲ್ಲಿ ಇವೆರಡೂ ಮೈಸೂರು ರಾಜ್ಯಕ್ಕೆ ಸೇರಿದವು, ವಿಜಾಪುರವೂ ಸೇರಿತು, ಸೋಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲಿಯೇ ಉಳಿದು 1960ರಲ್ಲಿ ಮಹಾರಾಷ್ಟ್ರದವಾದವು. ಕಾಸರಗೋಡು ಕೇರಳದ ಪಾಲಾಯಿತು. ಕಡಲಿನ ನಕಾಶೆಯಲ್ಲಿ ಮಾತ್ರ ದೀಪಗಳ ಸ್ಥಾನ ಕದಲಲಿಲ್ಲ.

ಇಷ್ಟು ಎತ್ತರವೇಕೆ ಎಂದು ಮಕ್ಕಳು ಕೇಳಬಹುದು. ಭೂಮಿ ಗುಂಡಾಗಿರುವುದರಿಂದ ದಡದಲ್ಲಿ ನಿಂತವರಿಗೆ ಕಾಣುವ ನೀರು ನಾಲ್ಕೈದು ಕಿಲೋಮೀಟರಿನಷ್ಟೇ. ಅದರಾಚೆಯದು ನೀರಿನ ಉಬ್ಬಿನ ಹಿಂದೆ ಮರೆಯಾಗುತ್ತದೆ. 27 ಮೀಟರ್ ಎತ್ತರದಲ್ಲಿರುವ ದೀಪವು ಸುಮಾರು 18 ಕಿಲೋಮೀಟರಿನವರೆಗಿನ ನೀರಿನ ಮೇಲೆ ಕಾಣಬಲ್ಲದು. ನೋಡುವವರು ಹಡಗಿನ ಅಟ್ಟದ ಮೇಲಿದ್ದರೆ ಇನ್ನೂ ದೂರಕ್ಕೆ ಕಾಣುತ್ತದೆ. ವಿಜಾಪುರದ ಮನೆಗಳು ಮರೆಯಲ್ಲಿರುವಾಗಲೇ ಗುಮ್ಮಟ ಕಾಣುವುದಕ್ಕೂ ಅದರ ಎತ್ತರವೇ ಕಾರಣ.

ಎತ್ತರವೊಂದೇ ಸಾಲದು. ಸಾಮಾನ್ಯ ದೀಪದ ಬೆಳಕು ಎಲ್ಲ ದಿಕ್ಕಿಗೂ ಹರಡಿ ತೆಳುವಾಗುತ್ತದೆ. ಫ್ರಾನ್ಸಿನ ಫ್ರೆನೆಲ್ ಎಂಬ ವಿಜ್ಞಾನಿ 1820ರ ದಶಕದಲ್ಲಿ ಗಾಜಿನ ಉಂಗುರಗಳನ್ನು ಮೆಟ್ಟಿಲಿನಂತೆ ಜೋಡಿಸಿ, ಹರಡುವ ಬೆಳಕನ್ನು ಬಾಗಿಸಿ ಒಂದೇ ಕಡೆಗೆ ಕಳುಹಿಸುವ ಮಸೂರವನ್ನು ರೂಪಿಸಿದನು. ಹಿಂದೆ ಹಲವೆಡೆ ಈ ಮಸೂರವನ್ನು ತಿರುಗಿಸುತ್ತಿದ್ದುದು ಗೋಡೆ ಗಡಿಯಾರದಂತೆ ಕೆಳಗಿಳಿಯುವ ಭಾರದ ಗುಂಡು. ಕಾವಲುಗಾರನು ರಾತ್ರಿಯಲ್ಲಿ ಮತ್ತೆ ಮತ್ತೆ ಎದ್ದು ಅದಕ್ಕೆ ಕೀಲಿ ಕೊಡಬೇಕಾಗಿತ್ತು, ಎಣ್ಣೆ ತುಂಬಬೇಕಾಗಿತ್ತು, ಗಾಜಿಗೆ ಹತ್ತಿದ ಮಸಿಯನ್ನು ಒರೆಸಬೇಕಾಗಿತ್ತು. ಅವನು ನಿದ್ದೆಹೋದರೆ ದೂರದಲ್ಲಿ ಯಾರದೋ ಹಡಗು ಬಂಡೆಗೆ ಬಡಿಯುವ ಅಪಾಯವಿತ್ತು. ವಿದ್ಯುತ್ತು ಬಂದ ಮೇಲೆ ಈ ದುಡಿತ ತಪ್ಪಿತು.

ಹಡಗಿನವರು ಒಂದು ದೀಪವನ್ನು ಇನ್ನೊಂದರಿಂದ ಗುರುತಿಸುವುದು ಅದು ಮಿನುಗುವ ಲಯದಿಂದ. ಎಷ್ಟು ಮಿನುಗು, ನಡುವೆ ಎಷ್ಟು ಸೆಕೆಂಡು ಕತ್ತಲೆ ಎಂಬುದು ನಕಾಶೆಯಲ್ಲಿ ಅಚ್ಚಾಗಿರುತ್ತದೆ. ಈಗ ಹಡಗುಗಳು ಉಪಗ್ರಹದಿಂದ ದಾರಿ ತಿಳಿಯುತ್ತವೆ, ನಿಜ. ಆದರೆ ಯಂತ್ರ ಕೆಟ್ಟ ರಾತ್ರಿ ಚಿಕ್ಕ ದೋಣಿಯಲ್ಲಿರುವ ಮೀನುಗಾರನಿಗೆ ಗತಿ ಯಾವುದು? 1927ರ ದೀಪಸ್ತಂಭ ಕಾಯ್ದೆಯ ಬದಲಿಗೆ 2021ರಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು ತಂದಾಗಲೂ ದೀಪಸ್ತಂಭಗಳನ್ನು ಕೈಬಿಡಲಿಲ್ಲ.

ಕಾಪುವಿನ ಗೋಪುರವನ್ನು ಸಂಜೆಯ ಹೊತ್ತು ಜನರು ಹತ್ತಿ ನೋಡುತ್ತಾರೆ. ರಜೆಯಲ್ಲಿ ಉಡುಪಿಯ ಕಡೆಗೆ ಹೋಗುವ ಕುಟುಂಬಗಳು ಕತ್ತಲಾಗುವವರೆಗೆ ಅಲ್ಲಿಯೇ ಮರಳಿನ ಮೇಲೆ ಕುಳಿತಿರಲಿ. ಬೆಳಕು ಒಮ್ಮೆ ಬಂದು ಹೋಗಿ ಮತ್ತೆ ಬರುವವರೆಗೆ ಮಕ್ಕಳು ಒಂದು, ಎರಡು, ಮೂರು ಎಂದು ಎಣಿಸಿ ವಹಿಯಲ್ಲಿ ಬರೆದುಕೊಳ್ಳಲಿ. ದೂರದ ಹಡಗಿನಲ್ಲಿ ನಿಂತವನೂ ಆ ಹೊತ್ತಿಗೆ ಹಾಗೆಯೇ ಎಣಿಸುತ್ತಿರಬಹುದು.