ಬಾಗಾ ವೈನಿನ ಒಗರು

ಗೇರುಹಣ್ಣನ್ನು ಮರದಡಿಯಲ್ಲೇ ಕಚ್ಚಿ ತಿಂದವರಿಗೆ ಗೊತ್ತು: ಮೊದಲು ಸಿಹಿ ರಸ, ಬೆನ್ನಲ್ಲೇ ನಾಲಗೆ ದಪ್ಪಗಾಗಿ ಕೆನ್ನೆಯ ಒಳಭಾಗವೆಲ್ಲ ಬಿಗಿದುಕೊಳ್ಳುತ್ತದೆ. ಕನ್ನಡದಲ್ಲಿ ಇದಕ್ಕೆ ಒಗರು ಎಂಬ ಅಚ್ಚುಕಟ್ಟಾದ ಮಾತಿದೆ. ಗೇರುಮರವನ್ನು ಬ್ರೆಜಿಲಿನಿಂದ ನಮ್ಮ ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. ಅವರ ನಾಡಿನ ಒಂದು ಕೆಂಪು ವೈನಿನ ಹೆಗ್ಗುರುತೂ ಇದೇ ಒಗರು.

ಪೋರ್ಚುಗಲ್ಲಿನ ಕೊಯಿಂಬ್ರಾ ನಗರದ ಉತ್ತರಕ್ಕೆ, ಅಟ್ಲಾಂಟಿಕ್ ಗಾಳಿ ಬೀಸುವ ಸೀಮೆ ಬೈರಾಡ. ಅಲ್ಲಿಯ ಭಾಷೆಯಲ್ಲಿ ಬಾರ್ರೊ ಎಂದರೆ ಜೇಡಿಮಣ್ಣು. ಸೀಮೆಗೆ ಆ ಮಣ್ಣಿನದೇ ಹೆಸರು. 18ನೇ ಶತಮಾನದಲ್ಲಿ ಪೋರ್ಟ್ ವೈನಿನ ಮಾನ ಕಾಯಲೆಂದು ಪೋರ್ಚುಗಲ್ಲಿನ ಅಂದಿನ ಪ್ರಬಲ ಮಂತ್ರಿ ಮಾರ್ಕ್ವೆಸ್ ದ ಪೊಂಬಾಲ್ ಇಲ್ಲಿನ ಬಳ್ಳಿಗಳನ್ನು ಕೀಳಿಸಿದ್ದ. ವೈನ್ ಸೀಮೆಯೆಂಬ ಅಧಿಕೃತ ಮಾನ್ಯತೆ ಸಿಕ್ಕಿದ್ದು 1979ರಲ್ಲಿ.

ಇಲ್ಲಿನ ಕೆಂಪು ದ್ರಾಕ್ಷಿ ಬಾಗಾ. ಕಾಳು ಸಣ್ಣದು, ಮಾಗುವುದು ತಡ. ಅಷ್ಟರಲ್ಲಿ ಶರತ್ಕಾಲದ ಮಳೆ ಬಂದುಬಿಡುತ್ತದೆ. ಕೊಳೆಯುವ ಭಯಕ್ಕೆ ಬೇಗ ಕೊಯ್ದರೆ ಹುಳಿ ಹೆಚ್ಚು. ಕಾಳು ಸಣ್ಣದಾದಷ್ಟೂ ರಸದ ಪಾಲಿಗೆ ಸಿಪ್ಪೆ, ಬೀಜ ಜಾಸ್ತಿ. ಒಗರಿಗೆ ಕಾರಣವಾದ ಟ್ಯಾನಿನ್ ಇರುವುದು ಅವುಗಳಲ್ಲೇ. ಹಳಬರು ಗೊಂಚಲಿನ ತೊಟ್ಟನ್ನೂ ಸೇರಿಸಿ ಹುದುಗಿಸುತ್ತಿದ್ದರು, ಇದ್ದ ಒಗರು ಸಾಲದೆಂಬಂತೆ!

ಟ್ಯಾನಿನ್ ಬಾಯಿಗೆ ಬಂದೊಡನೆ ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ, ಅದರಲ್ಲೂ ಪ್ರೋಲಿನ್ ಹೇರಳವಾಗಿರುವಂಥವಕ್ಕೆ, ಅಂಟಿಕೊಂಡು ಗರಣೆ ಕಟ್ಟಿಸುತ್ತದೆ. ಜೊಲ್ಲಿನ ನುಣುಪು ಹೋಗಿ ನಾಲಗೆ, ಅಂಗುಳು ಒಂದಕ್ಕೊಂದು ಉಜ್ಜತೊಡಗುತ್ತವೆ. ಆಯುರ್ವೇದ ಒಗರನ್ನು ಆರು ರಸಗಳಲ್ಲಿ ಎಣಿಸಿತು. ಇಂದಿನ ಶರೀರವಿಜ್ಞಾನ ಹೆಚ್ಚಾಗಿ ಸ್ಪರ್ಶದ ಸಾಲಿಗೆ ಸೇರಿಸುತ್ತದೆ. ರುಚಿಮೊಗ್ಗುಗಳಿಲ್ಲದ ಮೇಲ್ದುಟಿ, ವಸಡುಗಳ ನಡುವೆಯೂ ಅದು ತಿಳಿಯುತ್ತದಲ್ಲ! ಇನ್ನೊಂದು ವಿಚಿತ್ರವೆಂದರೆ ಒಗರಿಗೆ ನಾಲಗೆ ಒಗ್ಗಿಕೊಳ್ಳುವುದಿಲ್ಲ. ಸಿಹಿ ಪಾನಕ ಕುಡಿಯುತ್ತ ಹೋದರೆ ಸಿಹಿ ಮಂಕಾಗುತ್ತದೆ. ಒಗರು ಗುಟುಕು ಗುಟುಕಿಗೂ ಏರುತ್ತದೆ.

ಅದನ್ನು ಇಳಿಸಲು ಬೈರಾಡದಲ್ಲಿರುವ ಉಪಾಯ ಹಂದಿಮರಿ. ಮೆಯಲ್ಯಾಡ ಊರು ಇದಕ್ಕೇ ಪ್ರಸಿದ್ಧ. ಬೆಳ್ಳುಳ್ಳಿ, ಕರಿಮೆಣಸು, ಉಪ್ಪು, ಹಂದಿಕೊಬ್ಬು ಅರೆದು ಮರಿಯ ಹೊಟ್ಟೆಯೊಳಗೆ ತುಂಬಿ, ಸರಳಿಗೆ ಪೋಣಿಸಿ ಕಟ್ಟಿಗೆಯ ಒಲೆಯಲ್ಲಿ ಸುಡುತ್ತಾರೆ. ಚರ್ಮ ಹಪ್ಪಳದಂತೆ ಮುರಿಯುತ್ತದೆ, ಅದರಡಿಯ ಕೊಬ್ಬು ತುಟಿಗೆ ಜಿಡ್ಡಾಗಿ ಮೆತ್ತಿಕೊಳ್ಳುತ್ತದೆ. ಆಗ ಒಂದು ಗುಟುಕು ಬಾಗಾ. ಟ್ಯಾನಿನ್ನಿಗೆ ಈಗ ಜೊಲ್ಲೊಂದೇ ಅಲ್ಲ, ಮಾಂಸದ ಪ್ರೋಟೀನೂ ಕೊಬ್ಬೂ ಸಿಗುತ್ತವೆ; ಚಹಾಕ್ಕೆ ಹಾಲು ಬಿದ್ದಾಗ ಒಗರು ತಗ್ಗುವುದೂ ಹೀಗೆಯೇ. ಇತ್ತ ವೈನಿನ ಹುಳಿ ಜೊಲ್ಲೂರಿಸಿ ಜಿಡ್ಡನ್ನು ಕತ್ತರಿಸುತ್ತದೆ. ಕೊಡಗಿನ ಪಂದಿಕರಿಯಲ್ಲಿ ಕಾಚಂಪುಳಿ ಮಾಡುವ ಕೆಲಸವೇ ಇದು. ನಿಜ ಹೇಳಬೇಕೆಂದರೆ, ಬೈರಾಡದಲ್ಲಿ ಬಹಳ ಮಂದಿ ಹಂದಿಮರಿಯ ಜೊತೆ ಇಡುವುದು ಅದೇ ಸೀಮೆಯ ನೊರೆಯುಕ್ಕುವ ವೈನನ್ನು. ಹುಳಿಯ ಲೆಕ್ಕ ಅಲ್ಲೂ ಸರಿಹೋಗುತ್ತದೆ.

ಮೀನಿನ ವಿಷಯ ಬೇರೆ. ವೈನಿನಲ್ಲಿರುವ ಕಬ್ಬಿಣದ ಅಂಶ ಹೆಚ್ಚಾದಷ್ಟೂ ಸಮುದ್ರಾಹಾರದ ಜೊತೆ ಕಮಟು ವಾಸನೆ ಏಳುತ್ತದೆಂದು 2009ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಆದರೂ ಪೋರ್ಚುಗೀಸರು ಒಣಗಿಸಿದ ಉಪ್ಪುಮೀನು ಬಕಲ್ಯಾವ್‌ಗೆ ಕೆಂಪು ವೈನನ್ನೇ ಸುರಿದುಕೊಳ್ಳುತ್ತಾರೆ. ಕಮಟು ಹುಟ್ಟುವುದು ಮೀನಿನ ಎಣ್ಣೆಯಿಂದ; ಬಕಲ್ಯಾವ್ ಮಾಡುವ ಕಾಡ್ ಮೀನಿನ ಮಾಂಸದಲ್ಲಿ ಎಣ್ಣೆ ಬಲು ಕಡಿಮೆ, ಕೊಬ್ಬೆಲ್ಲ ಪಿತ್ತಜನಕಾಂಗದಲ್ಲಿ. ಬೇಯಿಸಿದ ಮೇಲೆ ಸುರಿಯುವ ಆಲಿವ್ ಎಣ್ಣೆ ಒಗರನ್ನೂ ತಣಿಸುತ್ತದೆ. ನಮ್ಮ ಬಂಗುಡೆಗೆ ಈ ಜೋಡಿ ಆಗಿಬರಲಾರದು: ಅದು ಎಣ್ಣೆಯ ಮೀನು. ಖಾರದ ಗಸಿಯಂತೂ ಬೇಡವೇ ಬೇಡ. ಮೆಣಸಿನಕಾಯಿಯ ಉರಿಯನ್ನು ಗ್ರಹಿಸುವ ನರತುದಿಗಳನ್ನೇ ಆಲ್ಕೋಹಾಲೂ ಕೆರಳಿಸುತ್ತದೆ.

ಎಳೆಯ ಬಾಗಾ ಒರಟು. ಒಳ್ಳೆಯ ವರ್ಷದ್ದಾದರೆ ಹತ್ತಿಪ್ಪತ್ತು ವರ್ಷ ಇಟ್ಟು ತೆರೆಯುತ್ತಾರೆ. ಅಷ್ಟರಲ್ಲಿ ಟ್ಯಾನಿನ್ನು ಬಣ್ಣದ ಅಣುಗಳೊಡನೆ ಕೂಡಿಕೊಂಡು, ಒಂದಷ್ಟು ಗಷ್ಟಾಗಿ ತಳ ಸೇರಿರುತ್ತದೆ. ಬಗ್ಗಿಸುವಾಗ ಬಾಟಲಿಯ ಕತ್ತಿನ ಹಿಂದೆ ದೀಪ ಹಿಡಿದು, ಕಪ್ಪು ಎಳೆ ಕಾಣಿಸಿದೊಡನೆ ಕೈ ನಿಲ್ಲಿಸಬೇಕು.